ಸರ್ ಎಂ. ವಿಶ್ವೇಶ್ವರಯ್ಯ: ಹಿಡಿದ ಕೆಲಸ, ಬಿಟ್ಟ ಹುದ್ದೆ

ಉನ್ನತ ಪದವಿಗಳನ್ನು ಏರಿದವರ ಜೀವನಚರಿತ್ರೆಗಳು ನಮ್ಮ ಭಾಷೆಯಲ್ಲಿ ಹೇರಳವಾಗಿವೆ. ಕೈಯಲ್ಲಿದ್ದ ಪದವಿಯನ್ನು ತಾವಾಗಿಯೇ ಬಿಟ್ಟು ನಡೆದವರ ಚರಿತ್ರೆ ವಿರಳ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಾಡು ನೆನೆಯುವುದು ಕನ್ನಂಬಾಡಿಯ ಕಟ್ಟೆಯಿಂದ, ಭದ್ರಾವತಿಯ ಕಾರ್ಖಾನೆಯಿಂದ, ಮೈಸೂರು ವಿಶ್ವವಿದ್ಯಾನಿಲಯದಿಂದ. ಅದು ಯುಕ್ತವೇ ಸರಿ. ಆದರೆ ಅವರ ಬಾಳಿನ ತಿರುವುಗಳನ್ನು ಗಮನಿಸಿದರೆ, ಅವರು ಕಟ್ಟಿದ್ದಷ್ಟೇ ಅವರು ಬಿಟ್ಟದ್ದೂ ವಿಚಾರಯೋಗ್ಯವಾಗಿ ಕಾಣುತ್ತದೆ. 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯನ್ನೂ, 1918ರಲ್ಲಿ ಮೈಸೂರಿನ ದಿವಾನಗಿರಿಯನ್ನೂ ಅವರು ತ್ಯಜಿಸಿದರು. ಎರಡು ಸಲವೂ ಅವರನ್ನು ಹೋಗೆಂದು ಯಾರೂ ಹೇಳಿರಲಿಲ್ಲ.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿ ಅವರ ಹುಟ್ಟೂರು. 1861ರ ಸೆಪ್ಟೆಂಬರ್ 15 ಅವರ ಜನ್ಮದಿನವೆಂದು ಪರಿಗಣಿತವಾಗಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಧನವಿರಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಸೋದರಮಾವನ ಆಶ್ರಯವನ್ನು ಅರಸಿ ಬೆಂಗಳೂರಿಗೆ ಬಂದನು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿ ತನ್ನ ಖರ್ಚನ್ನು ತಾನೇ ನಿರ್ವಹಿಸಿಕೊಂಡನು. 1881ರಲ್ಲಿ ಬಿ.ಎ. ಪದವಿ ದೊರೆಯಿತು. ಆ ಕಾಲದಲ್ಲಿ ಬಿ.ಎ. ಆದವನಿಗೆ ಸರ್ಕಾರದ ಕಚೇರಿಯಲ್ಲಿ ಗುಮಾಸ್ತೆಯ ಕುರ್ಚಿಯಾಗಲಿ, ಶಾಲೆಯ ಉಪಾಧ್ಯಾಯ ವೃತ್ತಿಯಾಗಲಿ ಸುಲಭವಾಗಿ ಕೈಗೆಟಕುತ್ತಿದ್ದಿತು. ಕುಟುಂಬದ ಬಡತನವನ್ನು ಎಣಿಸಿದರೆ ಅದನ್ನೇ ಹಿಡಿಯುವುದು ಸಹಜವಾಗಿತ್ತು. ಹಾಗೆ ಮಾಡದೆ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, 1883ರ ಅಂತಿಮ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಪರ ಊರಿನ ಬಡ ಹುಡುಗನೊಬ್ಬನಿಗೆ ಒಂದು ಸಂಸ್ಥಾನವು ಕೊಟ್ಟ ಕೆಲವು ನೂರು ರೂಪಾಯಿಗಳು ಮುಂದೆ ಎಷ್ಟು ಪಟ್ಟಾಗಿ ಆ ಸಂಸ್ಥಾನಕ್ಕೆ ಹಿಂದಿರುಗಿದವೆಂಬುದನ್ನು ದಾನಿಗಳು ಲೆಕ್ಕ ಹಾಕಿ ನೋಡಬಹುದು.

1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾಗಿ ಅವರ ಸೇವೆ ಆರಂಭವಾಯಿತು. ಖಾನದೇಶದಲ್ಲಿ ಹಳ್ಳವೊಂದರ ಅಡಿಯಲ್ಲಿ ಕೊಳವೆಯ ಮೂಲಕ ನೀರನ್ನು ದಾಟಿಸುವ ಕೆಲಸವನ್ನು ಅವರಿಗೆ ಒಪ್ಪಿಸಲಾಯಿತು. ಮಳೆಗಾಲ, ಹಳ್ಳ ತುಂಬಿ ಹರಿಯುತ್ತಿತ್ತು, ತೋಡಿದ್ದೆಲ್ಲ ಮರಳಿನಿಂದ ಮುಚ್ಚಿಹೋಗುತ್ತಿತ್ತು. ಮಳೆ ನಿಂತ ಮೇಲೆ ಕೆಲಸ ಹಿಡಿಯುವುದು ಲೇಸೆಂದು ತರುಣ ಅಧಿಕಾರಿ ಬರೆದಾಗ ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಸೇವೆಗೆ ಸೇರಿದೊಡನೆಯೇ ಆಜ್ಞೆಯನ್ನು ಪ್ರಶ್ನಿಸುವ ಹುಡುಗನೆಂಬ ಅಸಮಾಧಾನ ವ್ಯಕ್ತವಾಯಿತು. ವಿಶ್ವೇಶ್ವರಯ್ಯನವರು ವಾದವನ್ನು ಬೆಳೆಸಲಿಲ್ಲ. ಅದೇ ಮಳೆಯಲ್ಲಿ ಕೆಲಸಕ್ಕೆ ಇಳಿದು ಅದನ್ನು ಪೂರೈಸಿದರು. ತನ್ನ ಅಭಿಪ್ರಾಯವನ್ನು ಬರಹದಲ್ಲಿ ತಿಳಿಸುವುದು, ಅದು ಸಲ್ಲದಾಗ ಕೊಟ್ಟ ಕೆಲಸವನ್ನು ಅರೆಮನಸ್ಸಿಲ್ಲದೆ ಮಾಡುವುದು, ಅದೂ ಸಾಧ್ಯವಿಲ್ಲವೆನಿಸಿದಾಗ ಹುದ್ದೆಯನ್ನೇ ಬಿಡುವುದು: ಈ ಮೂರರ ಹೊರತು ನಾಲ್ಕನೆಯ ಮಾರ್ಗವೊಂದಿದೆ. ಹುದ್ದೆಯಲ್ಲಿಯೂ ಇದ್ದು, ಕೆಲಸವನ್ನೂ ಮಾಡದೆ, ಗೊಣಗುತ್ತ ಕಾಲ ಕಳೆಯುವ ಆ ಮಾರ್ಗವನ್ನು ಅವರು ಒಮ್ಮೆಯೂ ಹಿಡಿದಂತೆ ಕಾಣುವುದಿಲ್ಲ.

ಮುಂದಿನ ವರ್ಷಗಳ ಸಾಧನೆ ಎಲ್ಲರಿಗೂ ತಿಳಿದದ್ದೇ. ಸಿಂಧ್ ಪ್ರಾಂತದ ಸಕ್ಕರದಲ್ಲಿ ಸಿಂಧೂ ನದಿಯ ಕೆಸರು ನೀರನ್ನು ಶೋಧಿಸಲು ಪುರಸಭೆಯ ಬಳಿ ಹಣವಿರದಿದ್ದಾಗ, ನದಿಯ ಪಾತ್ರದಲ್ಲಿಯೇ ಬಾವಿ ತೋಡಿ, ಮರಳೇ ಶೋಧಕವಾಗುವಂತೆ ಮಾಡಿದರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ತಾವಾಗಿ ತೆರೆದು ತಾವಾಗಿ ಮುಚ್ಚಿಕೊಳ್ಳುವ ತೂಬಿನ ಬಾಗಿಲುಗಳನ್ನು ರೂಪಿಸಿದರು. ಅದಕ್ಕೆ ಪೇಟೆಂಟ್ ದೊರೆಯಿತಾದರೂ, ಸರ್ಕಾರದ ಸೇವೆಯಲ್ಲಿದ್ದುಕೊಂಡು ಸರ್ಕಾರದ ಕೆಲಸಕ್ಕೆಂದು ಕಂಡುಹಿಡಿದುದಕ್ಕೆ ರಾಯಧನ ಪಡೆಯಲು ಅವರು ಒಪ್ಪಲಿಲ್ಲ. ನೀರಾವರಿಯಲ್ಲಿ ಬ್ಲಾಕ್ ಪದ್ಧತಿ, ಏಡನ್ ನಗರದ ನೀರು ಸರಬರಾಜು, ಧಾರವಾಡ ವಿಜಾಪುರಗಳ ಕುಡಿಯುವ ನೀರಿನ ಯೋಜನೆಗಳು ಇವೆಲ್ಲವೂ ಆ ಇಪ್ಪತ್ತನಾಲ್ಕು ವರ್ಷಗಳ ಕೆಲಸ. ಎರಡು ಮೇಣದ ಬತ್ತಿಗಳ ಕಥೆಯನ್ನು ಮಕ್ಕಳಿಗೆ ಹೇಳುವ ವಾಡಿಕೆಯಿದೆ. ಅದು ನಡೆದದ್ದೋ ಕಲ್ಪಿತವೋ, ಖಡಕವಾಸಲದ ಬಾಗಿಲುಗಳು ಮಾತ್ರ ನಿಜ. ಉಪಾಧ್ಯಾಯರು ಬತ್ತಿಯ ಬದಲು ಬಾಗಿಲಿನ ಕಥೆಯನ್ನು ಹೇಳಬಾರದೇಕೆ?

1908ರ ಹೊತ್ತಿಗೆ ಅವರು ಸೂಪರಿಂಟೆಂಡಿಂಗ್ ಎಂಜಿನಿಯರರ ದರ್ಜೆಗೆ ಏರಿದ್ದರು; ಜ್ಯೇಷ್ಠತೆಯಲ್ಲಿ ತಮಗಿಂತ ಮುಂದಿದ್ದ ಹಲವರನ್ನು ದಾಟಿದ್ದರು. ಆದರೆ ಮುಂದಿನ ಮೆಟ್ಟಿಲಾದ ಮುಖ್ಯ ಎಂಜಿನಿಯರ್ ಹುದ್ದೆ ಆ ಪ್ರಾಂತದಲ್ಲಿ ಭಾರತೀಯನೊಬ್ಬನಿಗೆ ದೊರೆಯುವ ಸಂಭವ ಕಡಿಮೆಯಾಗಿತ್ತು. ಇನ್ನೂ ಹಲವು ವರ್ಷ ಅದೇ ಕುರ್ಚಿಯಲ್ಲಿ ಕುಳಿತು ಸುಖವಾಗಿ ವೇತನ ಪಡೆಯಬಹುದಾಗಿತ್ತು. ಪೂರ್ಣ ವಿಶ್ರಾಂತಿವೇತನಕ್ಕೆ ಬೇಕಾದ 25 ವರ್ಷಗಳ ಸೇವೆಯೂ ತುಂಬಿರಲಿಲ್ಲ. ನಾಲ್ವತ್ತೇಳರ ವಯಸ್ಸಿನಲ್ಲಿ, ಮುಂದೇನೆಂಬುದು ನಿಶ್ಚಿತವಿಲ್ಲದಿರುವಾಗ ಅವರು ರಾಜೀನಾಮೆ ಕೊಟ್ಟರು. ಅವರ ಸೇವೆಯನ್ನು ಮನ್ನಿಸಿ ಸರ್ಕಾರ ವಿಶ್ರಾಂತಿವೇತನವನ್ನು ಮಂಜೂರು ಮಾಡಿದ್ದು ಆ ಮೇಲಿನ ಮಾತು. ಹೊರಡುವಾಗ ಅದರ ಭರವಸೆಯ ಮೇಲೆ ಅವರು ಹೊರಡಲಿಲ್ಲ. ಬಡ್ತಿ ತಪ್ಪಿತೆಂಬ ಮುನಿಸಿನಿಂದ ಬಿಟ್ಟರೆಂದು ಹೇಳುವವರಿದ್ದಾರೆ. ಹಾಗಿದ್ದರೆ ಅವರು ಮನೆಯಲ್ಲಿ ಕುಳಿತು ಪತ್ರಿಕೆಗಳಿಗೆ ದೂರು ಬರೆಯಬೇಕಾಗಿತ್ತು. ಅವರಾದರೋ ಸ್ವಂತ ಖರ್ಚಿನಲ್ಲಿ ಯೂರೋಪು ಅಮೆರಿಕಗಳ ಕಟ್ಟೆ, ಕಾಲುವೆ, ಕಾರ್ಖಾನೆಗಳನ್ನು ನೋಡುವುದಕ್ಕೆ ಹೊರಟರು.

ಆ ಪ್ರವಾಸದಲ್ಲಿದ್ದಾಗಲೇ ಹೈದರಾಬಾದಿನಿಂದ ಕರೆ ಬಂದಿತು. 1908ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ನದಿ ಉಕ್ಕಿ ಆ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡಿದ್ದರು. 1909ರಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ನಗರದೊಳಗೆ ಗೋಡೆ ಕಟ್ಟುವುದರಿಂದ ಮಾತ್ರ ಪ್ರಯೋಜನವಿಲ್ಲ, ನೆರೆಯ ನೀರನ್ನು ಊರಿನ ಮೇಲ್ಗಡೆಯಲ್ಲಿಯೇ ತಡೆಯಬೇಕೆಂದು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಮುಂದಿನ ವರ್ಷಗಳಲ್ಲಿ ಆ ಸೂಚನೆಯ ಮೇರೆಗೆ ನಿರ್ಮಾಣವಾದವು.

ಅಷ್ಟರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಪದವಿಗೆ ಆಹ್ವಾನ ಬಂದಿತು. ತಾಯ್ನಾಡು ಕರೆಯುತ್ತಿದೆ, ಮುಂಬಯಿಯಲ್ಲಿ ದೊರೆಯದ ಹುದ್ದೆ ತಾನಾಗಿ ಬರುತ್ತಿದೆ. ಎಂಥವನಾದರೂ ಮರುಟಪಾಲಿಗೆ ಒಪ್ಪಿಗೆ ಕಳುಹಿಸುತ್ತಿದ್ದನು. ಅವರು ಕೂಡಲೇ ಒಪ್ಪಲಿಲ್ಲ. ಸಂಬಳದ ವಿಷಯವನ್ನೂ ಕೇಳಲಿಲ್ಲ. ಸಂಸ್ಥಾನದಲ್ಲಿ ಕೈಗಾರಿಕೆ, ತಾಂತ್ರಿಕ ಶಿಕ್ಷಣಗಳನ್ನು ಬೆಳೆಸುವ ಇಚ್ಛೆ ಸರ್ಕಾರಕ್ಕೆ ಇದೆಯೇ, ಆ ದಿಕ್ಕಿನಲ್ಲಿ ಕೆಲಸ ಮಾಡಲು ತಮಗೆ ಅವಕಾಶವಿದೆಯೇ ಎಂಬುದನ್ನು ವಿಚಾರಿಸಿದರು. ಸಮಾಧಾನಕರವಾದ ಉತ್ತರ ಬಂದ ಮೇಲೆಯೇ 1909ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು. ಉದ್ಯೋಗ ಅರಸುವ ತರುಣರು ಸಂದರ್ಶನಕ್ಕೆ ಹೋದಾಗ ಏನು ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗುವುದು ಕಷ್ಟ.

ಕನ್ನಂಬಾಡಿಯ ಕಥೆಯಲ್ಲಿ ಎಲ್ಲರೂ ಹೇಳುವುದು ಕಲ್ಲು ಸುರ್ಕಿಗಳ ಮಾತು. ನಿಜವಾದ ಕಷ್ಟವಿದ್ದುದು ಕಚೇರಿಯ ಕಡತಗಳಲ್ಲಿ. ಶಿವನಸಮುದ್ರದಿಂದ 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋಗುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಬತ್ತಿದಾಗ ಆ ವಿದ್ಯುತ್ತಿಗೆ ಕೊರತೆಯಾಗುತ್ತಿತ್ತು. ಜಲಾಶಯವೊಂದನ್ನು ಕಟ್ಟಿದರೆ ಗಣಿಗಳಿಗೆ ವಿದ್ಯುತ್ತೂ ಮಂಡ್ಯದ ಕಡೆಯ ಒಣಭೂಮಿಗೆ ನೀರೂ ದೊರೆಯುವುವೆಂಬುದು ಅವರ ಲೆಕ್ಕಾಚಾರ. ಅಂದಾಜು ಎರಡೂವರೆ ಕೋಟಿ ರೂಪಾಯಿ. ಆ ಕಾಲದ ಸಂಸ್ಥಾನದ ಆದಾಯಕ್ಕೆ ಅದು ಬೆಟ್ಟದಂತಹ ಮೊತ್ತ. ಹಣಕಾಸಿನ ಅಧಿಕಾರಿಗಳು ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಖಜಾನೆಯನ್ನು ಕಾಯುವವರು ಹೆದರಬೇಕಾದವರೇ. ವಿಶ್ವೇಶ್ವರಯ್ಯನವರು ಅಂಕಿಅಂಶಗಳನ್ನು ಮತ್ತೆ ಮತ್ತೆ ಮುಂದಿಟ್ಟು, ಕೆಲಸವಿಲ್ಲದೆ ಹುದ್ದೆಯಲ್ಲಿ ಇರಲು ತಮಗೆ ಇಚ್ಛೆಯಿಲ್ಲವೆಂಬುದನ್ನು ಸ್ಪಷ್ಟಪಡಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ತಾವೇ ವಿಷಯವನ್ನು ಪರಿಶೀಲಿಸಿ 1911ರ ಅಕ್ಟೋಬರಿನಲ್ಲಿ ಅನುಮತಿ ನೀಡಿದರು. ಮುಂದಿನ ತಿಂಗಳಲ್ಲೇ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪಣೆಯಿಂದ ಮೊದಲಿಗೆ 80 ಅಡಿಗಳ ಎತ್ತರಕ್ಕೆ ಮಾತ್ರ ಒಪ್ಪಿಗೆ ದೊರೆತರೂ, ಮುಂದೆ 124 ಅಡಿಗೆ ಏರಿಸಲು ಸಾಧ್ಯವಾಗುವಷ್ಟು ಅಗಲವಾಗಿ ತಳಪಾಯವನ್ನು ಹಾಕಿಸಿದರು. ವಿವಾದವು 1924ರಲ್ಲಿ ಇತ್ಯರ್ಥವಾಗುವ ವೇಳೆಗೆ ಅವರು ದಿವಾನಗಿರಿಯನ್ನು ಬಿಟ್ಟು ಆರು ವರ್ಷಗಳಾಗಿದ್ದವು. ತಳಪಾಯ ಮಾತ್ರ ಸಿದ್ಧವಾಗಿತ್ತು. ಆ ನೀರಿನಲ್ಲಿ ಹಳ್ಳಿಗಳೂ ಕನ್ನಂಬಾಡಿಯ ಹಳೆಯ ವೇಣುಗೋಪಾಲಸ್ವಾಮಿ ದೇಗುಲವೂ ಮುಳುಗಿದವೆಂಬುದನ್ನು, ಮನೆಮಠ ಬಿಟ್ಟು ಎದ್ದುಹೋದ ಒಕ್ಕಲುಗಳನ್ನು ಮರೆತು ಈ ಕಟ್ಟೆಯನ್ನು ಕೊಂಡಾಡುವುದು ನ್ಯಾಯವಾಗದು.

1912ರ ನವೆಂಬರಿನಲ್ಲಿ ಅವರು ದಿವಾನರಾದರು. ಒಪ್ಪಿಕೊಳ್ಳುವ ಮುನ್ನ ಬಂಧುಬಳಗವನ್ನೆಲ್ಲ ಊಟಕ್ಕೆ ಕರೆದು, ತಮ್ಮ ಬಳಿಗೆ ಯಾವ ಶಿಫಾರಸನ್ನೂ ತರಬಾರದೆಂದು ತಾಯಿಯಿಂದ ಮೊದಲ್ಗೊಂಡು ಎಲ್ಲರಿಂದಲೂ ಮಾತು ಪಡೆದರೆಂಬ ಪ್ರತೀತಿಯಿದೆ. ಆರು ವರ್ಷಗಳ ಆಡಳಿತದಲ್ಲಿ ನಡೆದುದನ್ನು ವರ್ಷವಾರು ಬರೆದರೂ ಪುಟ ಸಾಲದು: 1913ರಲ್ಲಿ ಮೈಸೂರು ಬ್ಯಾಂಕು ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಮತ್ತು ಗಂಧದೆಣ್ಣೆಯ ಕಾರ್ಖಾನೆ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಸಂಸ್ಥಾನದ ಶಾಲೆಗಳ ಸಂಖ್ಯೆ ಈ ಅವಧಿಯಲ್ಲಿ ಇಮ್ಮಡಿಗೂ ಮಿಕ್ಕಿತು.

ಇನ್ನು ಅವರ ಎರಡನೆಯ ನಿರ್ಗಮನ. ಈ ಪ್ರಸಂಗವನ್ನು ಅಭಿನಂದನ ಲೇಖನಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಹಾಗೆ ಮುಗಿಸಬಾರದು, ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿ ಬೆಳೆದವರಂತೂ ಅದನ್ನು ಪೂರ್ತಿಯಾಗಿ ತಿಳಿದಿರಬೇಕು.

ಆಗಿನ ಮೈಸೂರಿನ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣ ಸಮಾಜದವರು ಸರ್ಕಾರದ ಉನ್ನತ ಹುದ್ದೆಗಳ ಬಹುಭಾಗದಲ್ಲಿದ್ದರು. ಇಂಗ್ಲಿಷ್ ವಿದ್ಯೆ ಮೊದಲು ಆ ಮನೆಗಳನ್ನು ಮುಟ್ಟಿದುದರ ಫಲವದು. ಉಳಿದ ಸಮಾಜಗಳು ನಿಧಾನವಾಗಿ ಎಚ್ಚೆತ್ತವು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯೂ, 1906ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದವು. 1917ರಲ್ಲಿ ಲಿಂಗಾಯತ, ಒಕ್ಕಲಿಗ, ಮುಸಲ್ಮಾನ ಮುಖಂಡರು ಸೇರಿ ಪ್ರಜಾಮಿತ್ರ ಮಂಡಳಿಯನ್ನು ಸ್ಥಾಪಿಸಿದರು. ಅದೇ ವರ್ಷ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾದುದನ್ನೂ ಇಲ್ಲಿ ನೆನೆಯಬಹುದು. ಒಂದೇ ಹಸಿವಿಗೆ ಎರಡು ಕಡೆ ಒಲೆ ಹೊತ್ತಿದಂತಾಯಿತು. ಮಂಡಳಿಯವರು ಮಹಾರಾಜರನ್ನು ಕಂಡು, ಸರ್ಕಾರಿ ನೌಕರಿಗಳಲ್ಲಿ ತಮ್ಮವರಿಗೂ ನ್ಯಾಯವಾದ ಪಾಲು ಬೇಕೆಂದು ಬಿನ್ನವಿಸಿದರು. 1918ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು.

ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ಶಾಲೆ, ವಿದ್ಯಾರ್ಥಿವೇತನಗಳನ್ನು ಎಷ್ಟು ಬೇಕಾದರೂ ಕೊಡಬೇಕು, ಆದರೆ ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಬೇಕು; ಇಲ್ಲವಾದರೆ ಆಡಳಿತದ ದಕ್ಷತೆ ಕುಗ್ಗಿ, ಉತ್ಪಾದನೆ ಕುಸಿದು, ನಷ್ಟ ಇಡೀ ನಾಡಿಗಾಗುತ್ತದೆಂಬುದು ಅವರ ನಿಲುವು. ಈ ನಿಲುವಿನಲ್ಲಿ ಸ್ವಾರ್ಥವಿರಲಿಲ್ಲ. ಸ್ವಂತ ಬಂಧುಗಳಿಗೆ ಬಾಗಿಲು ಮುಚ್ಚಿದವರೆಂದು ಹೆಸರಾದ ವ್ಯಕ್ತಿ ಆಡಿದ ಮಾತು ಅದು. ಆದರೂ ಆ ವಾದದಲ್ಲಿ ಒಂದು ಕೊರತೆಯಿತ್ತೆನ್ನದೆ ವಿಧಿಯಿಲ್ಲ. ಬಡತನದಿಂದ ಮೇಲೆ ಬಂದ ಅವರಿಗೆ ಹಣವಿಲ್ಲದವನ ಕಷ್ಟ ಚೆನ್ನಾಗಿ ಗೊತ್ತಿತ್ತು. ಹಣದ ಜೊತೆಗೆ ಅಕ್ಷರವೂ, ಕಚೇರಿಯಲ್ಲಿ ಪರಿಚಯದ ಮುಖವೂ ಇಲ್ಲದ ಮನೆಯಿಂದ ಬಂದವನ ಕಷ್ಟ ಬೇರೆ ತೆರನದು. ಶಾಸ್ತ್ರಿಗಳ ಮಗನಿಗೆ ತಂದೆಯ ಮನೆ ಬಿಟ್ಟುಹೋದದ್ದು ಬರಿಗೈಯಲ್ಲ. ವಿದ್ಯೆಯೇ ಬದುಕೆಂಬ ನಂಬಿಕೆಯನ್ನು ಅದು ಕೊಟ್ಟಿತ್ತು. ಆರು ತಲೆಮಾರು ನೇಗಿಲನ್ನೋ ತಕ್ಕಡಿಯನ್ನೋ ಹಿಡಿದ ಮನೆಯ ಹುಡುಗ ಅಂತಹ ನಂಬಿಕೆಯನ್ನು ಪಡೆಯಬೇಕಾದರೆ, ತನ್ನವನೊಬ್ಬನು ಅಮಲ್ದಾರನಾಗಿ ಕುಳಿತುದನ್ನು ಕಣ್ಣಾರೆ ನೋಡಬೇಕಾಗುತ್ತದೆ. ಸಮಿತಿಯ ವರದಿ 1919ರಲ್ಲಿ ಬಂದು, 1921ರ ಆಜ್ಞೆಯಂತೆ ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಸಮಾಜಗಳಿಗೆ ಸಲ್ಲಬೇಕೆಂದು ನಿಶ್ಚಯವಾಯಿತು. ಅನಂತರವೂ ಮೈಸೂರು ಮಾದರಿ ಸಂಸ್ಥಾನವೆಂಬ ಹೆಸರನ್ನು ಉಳಿಸಿಕೊಂಡಿತು. ದಿವಾನರು ಅಂಜಿದಂತೆ ಆಡಳಿತ ಕುಸಿಯಲಿಲ್ಲ.

ಆದರೆ ಅವರು ನಡೆದುಕೊಂಡ ರೀತಿ ಅವರ ವಾದಕ್ಕಿಂತ ದೊಡ್ಡದು. ತಮ್ಮ ಅಭಿಪ್ರಾಯ ಒಂದು, ಪ್ರಭುಗಳ ಅಭಿಪ್ರಾಯ ಇನ್ನೊಂದು ಎಂಬುದು ಖಚಿತವಾದಾಗ ಅವರು ಸಮಿತಿಯ ಕಡತವನ್ನು ಮೇಜಿನ ಅಡಿಯಲ್ಲಿ ಮುಚ್ಚಿಡಲಿಲ್ಲ, ಪಕ್ಷ ಕಟ್ಟಲಿಲ್ಲ. ಒಪ್ಪದ ನೀತಿಯನ್ನು ಒಪ್ಪಿದವರೇ ಜಾರಿಗೆ ತರಲೆಂದು 1918ರ ಡಿಸೆಂಬರಿನಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟರು. ಸರ್ ಎಂ. ಕಾಂತರಾಜೇ ಅರಸಿನವರು ದಿವಾನರಾದರು. ಹೊರಬಂದ ಮೇಲೆ ಮಹಾರಾಜರನ್ನಾಗಲಿ ಹೊಸ ದಿವಾನರನ್ನಾಗಲಿ ಹೀಗಳೆಯುತ್ತ ಅವರು ಊರೂರು ತಿರುಗಲಿಲ್ಲ. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು.

ಈ ಸೌಜನ್ಯದ ಫಲ ಐದೇ ವರ್ಷಗಳಲ್ಲಿ ಕಾಣಿಸಿಕೊಂಡಿತು. ಅವರ ಕಾಲದಲ್ಲಿ ಯೋಜಿತವಾಗಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಇದ್ದಲಿನಿಂದ ಕಬ್ಬಿಣ ಕರಗಿಸುವ ಆ ಕಾರ್ಖಾನೆಯ ಗ್ರಹಚಾರವೋ ಎಂಬಂತೆ, ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಇಳಿದುಹೋಗಿತ್ತು. ನಷ್ಟದ ಮೇಲೆ ನಷ್ಟ. ಮುಚ್ಚಿಬಿಡುವುದೇ ಲೇಸೆಂಬ ಮಾತು ಹಬ್ಬಿತು. ಆಗ ಸರ್ಕಾರ ಅವರನ್ನೇ ಕರೆಯಿತು. ಒಮ್ಮೆ ದಿವಾನರಾಗಿದ್ದವರು ಕಾರ್ಖಾನೆಯೊಂದರ ಆಡಳಿತ ಮಂಡಳಿಗೆ ಅಧ್ಯಕ್ಷರಾಗಿ ಬರುವುದು ಲೋಕದ ಕಣ್ಣಿಗೆ ಇಳಿತವೇ. ಅವರು ಬಂದರು. 1929ರವರೆಗೆ ಅದನ್ನು ನಡೆಸಿದರು. ವೆಚ್ಚವನ್ನು ತಗ್ಗಿಸಿ, ದುಬಾರಿ ಸಂಬಳದ ವಿದೇಶೀ ತಜ್ಞರ ಸ್ಥಾನಕ್ಕೆ ಸ್ಥಳೀಯ ತರುಣರನ್ನು ತರಬೇತು ಮಾಡಿ ತಂದು, ಕಬ್ಬಿಣದ ಕೊಳವೆಗಳ ಎರಕವನ್ನೂ ಸೇರಿಸಿ ಕಾರ್ಖಾನೆ ನಿಲ್ಲುವಂತೆ ಮಾಡಿದರು. ಹೊರಗಿನವರು ಮಾತ್ರ ಮಾಡಬಲ್ಲರೆಂದು ತಿಳಿದಿದ್ದ ಕೆಲಸವನ್ನು ಅಲ್ಲಿಯ ಹುಡುಗರೇ ಕೆಲವು ವರ್ಷಗಳಲ್ಲಿ ಕಲಿತರು. ಅವಕಾಶ ಕೊಟ್ಟರೆ ಅರ್ಹತೆ ಬೆಳೆಯುತ್ತದೆಂಬ ಮಂಡಳಿಯವರ ವಾದಕ್ಕೆ ಭದ್ರಾವತಿಯಲ್ಲಿ ಅವರೇ ಸಾಕ್ಷ್ಯ ಒದಗಿಸಿದರೆಂದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ.

ಆ ವರ್ಷಗಳ ಸಂಭಾವನೆಯನ್ನು ಅವರು ಆಗ ಸ್ವೀಕರಿಸಲಿಲ್ಲ. ಮುಂದೆ ಅದು ಲಕ್ಷ ರೂಪಾಯಿಗೂ ಮಿಕ್ಕಿ ಬಾಕಿಯಾಗಿ ನಿಂತಾಗ, ತರುಣರಿಗೆ ಕೈಕಸಬುಗಳನ್ನು ಕಲಿಸುವ ಒಂದು ಸಂಸ್ಥೆಗೆ ಅದನ್ನು ವಿನಿಯೋಗಿಸಬೇಕೆಂದು ಕೋರಿದರು. ತಮ್ಮ ಹೆಸರನ್ನು ಅದಕ್ಕೆ ಇಡಲು ಒಪ್ಪಲಿಲ್ಲ. ಬೆಂಗಳೂರಿನ ಆ ಸಂಸ್ಥೆಗೆ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಲಾಯಿತು. ಸಾವಿರಾರು ಮಂದಿ ಅಲ್ಲಿ ಕಸಬು ಕಲಿತು ಅನ್ನ ಕಂಡುಕೊಂಡರು. ಅವರಲ್ಲಿ ಎಷ್ಟು ಜನಕ್ಕೆ ಈ ಹಣದ ಮೂಲ ತಿಳಿದಿತ್ತೋ! ಹೆಸರಿನ ಶಿಲಾಫಲಕವಿಲ್ಲದ ದಾನಕ್ಕೆ ಉದಾಹರಣೆ ಬೇಕಾದವರು ದೂರ ಹೋಗಬೇಕಾಗಿಲ್ಲ.

ಮುಂದಿನ ಮೂರು ದಶಕಗಳೂ ವಿಶ್ರಾಂತಿಯಲ್ಲಿ ಕಳೆಯಲಿಲ್ಲ. 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಅವರ ಗ್ರಂಥ ಹೊರಬಂದಿತು. ದೇಶದಲ್ಲಿ ಯೋಜನಾ ಆಯೋಗ ಸ್ಥಾಪನೆಯಾಗುವುದಕ್ಕೆ ಅದು ಹದಿನಾರು ವರ್ಷ ಮೊದಲು. ಭಾರತದಲ್ಲಿಯೇ ಮೋಟಾರು ಗಾಡಿಗಳನ್ನು ತಯಾರಿಸಬೇಕೆಂದು ವಿದೇಶಗಳನ್ನು ಸುತ್ತಿ ಸಿದ್ಧಪಡಿಸಿದ ಯೋಜನೆ ಅವರಿದ್ದ ಬೆಂಗಳೂರಿನಲ್ಲಿ ಕೈಗೂಡಲಿಲ್ಲ. ಒರಿಸ್ಸಾದ ನೆರೆಹಾವಳಿಯ ಪರಿಹಾರಕ್ಕೆ 1937ರಲ್ಲಿ ಸಲಹೆ ನೀಡಿದರು. 1955ರಲ್ಲಿ ಭಾರತರತ್ನ ಬಂದಿತು.

ಅದಕ್ಕೂ ಮೂರು ವರ್ಷ ಹಿಂದೆ, 1952ರಲ್ಲಿ, ಬಿಹಾರದಲ್ಲಿ ಗಂಗಾನದಿಗೆ ಸೇತುವೆಯನ್ನು ಎಲ್ಲಿ ಕಟ್ಟಬೇಕೆಂಬ ವಿಷಯದಲ್ಲಿ ಪ್ರಬಲವಾದ ಪೈಪೋಟಿಯುಂಟಾಗಿತ್ತು. ಒಂದೊಂದು ಊರಿನವರೂ ತಮ್ಮಲ್ಲಿಯೇ ಆಗಬೇಕೆಂದು ಪಟ್ಟು ಹಿಡಿದಿದ್ದರು. ಯಾರ ಕಡೆಗೂ ವಾಲದವರೊಬ್ಬರು ತೀರ್ಮಾನಿಸಬೇಕಾಗಿತ್ತು. ಕೇಂದ್ರ ಸರ್ಕಾರ ತೊಂಬತ್ತು ದಾಟಿದ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಅವರು ಸ್ಥಳಗಳನ್ನು ನೋಡಿ, ಲೆಕ್ಕಗಳನ್ನು ತಾಳೆ ಹಾಕಿ, ಮೊಕಾಮಾ ಯೋಗ್ಯವಾದ ಸ್ಥಳವೆಂದು ತೀರ್ಮಾನ ಕೊಟ್ಟರು. ರೈಲೂ ರಸ್ತೆಯೂ ಒಂದರ ಮೇಲೊಂದು ಹಾಯುವ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. 1962ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ಮುದ್ದೇನಹಳ್ಳಿಯಲ್ಲಿ ನಡೆಯಿತು.